ಕಂಠದಾನದ ಕೇರಿಯಲ್ಲಿ ಒಂದು ಸುತ್ತು

ರಿಯೋ ಡಿ ಜನೈರೊ ಎಂದೊಡನೆ ಕಣ್ಣಮುಂದೆ ಬರುವುದು ಮೂರು ಚಿತ್ರಗಳು: ಬೆಟ್ಟದ ತುದಿಯಲ್ಲಿ ಕೈಚಾಚಿ ನಿಂತ ಏಸುವಿನ ಪ್ರತಿಮೆ, ಕೊಪಕಬಾನಾ ಕಡಲತೀರ ಮತ್ತು ಕಾರ್ನಿವಲ್ ಮೆರವಣಿಗೆ. ಬ್ರೆಜಿಲ್‌ಗೆ ಹೋದ ಬಹುತೇಕ ಪ್ರವಾಸಿಗರು ಈ ಮೂರನ್ನು ಕಂಡು, ನಾಲ್ಕು ಛಾಯಾಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಬೆಟ್ಟಗಳ ಆಚೆ, ಕಡಲು ಕಾಣದ ಉತ್ತರ ಭಾಗದಲ್ಲಿ, ಇನ್ನೊಂದು ರಿಯೋ ಇದೆ. ಗುಮಾಸ್ತರು, ಮೇಷ್ಟ್ರುಗಳು, ಅಂಗಡಿಯವರು, ವಾದ್ಯಗಾರರು ಬಾಳಿ ಬದುಕಿದ ಊರು ಅದು.

ಅಲ್ಲಿ ವಿಲಾ ಇಜಬೆಲ್ ಎಂಬ ಬಡಾವಣೆಯಿದೆ. ಅದರ ಮುಖ್ಯ ಬೀದಿಯ ಹೆಸರು ‘ಸೆಪ್ಟೆಂಬರ್ 28’. ಗುಲಾಮ ತಾಯಂದಿರಿಗೆ ಹುಟ್ಟುವ ಮಕ್ಕಳು ಇನ್ನು ಮುಂದೆ ಸ್ವತಂತ್ರರು ಎಂದು ಸಾರಿದ ಕಾನೂನು 1871ರಲ್ಲಿ ಬಂದದ್ದು ಆ ದಿನ. ಈ ಬೀದಿಯಲ್ಲಿ ನಡೆಯುವವರು ತಲೆ ತಗ್ಗಿಸಿಕೊಂಡೇ ನಡೆಯಬೇಕು. ಏಕೆಂದರೆ ನೋಡಬೇಕಾದ್ದು ಇರುವುದು ಕಾಲ ಕೆಳಗೆ. ಕರಿಬಿಳಿ ಕಲ್ಲಿನ ಚೂರುಗಳನ್ನು ಜೋಡಿಸಿ, ಕಾಲುದಾರಿಯುದ್ದಕ್ಕೂ ಜನಪ್ರಿಯ ಹಾಡುಗಳ ಸ್ವರಲಿಪಿಯನ್ನು ಅಲ್ಲಿ ಬಿಡಿಸಿದ್ದಾರೆ. 1960ರ ದಶಕದಲ್ಲಿ ಮಾಡಿದ ಕೆಲಸ ಇದು. ಸಾಂಬಾ ಹಾಡುಗಳನ್ನು ಕಟ್ಟಿ, 26ರ ಹರೆಯದಲ್ಲೇ 1937ರಲ್ಲಿ ತೀರಿಕೊಂಡ ನೊಯೆಲ್ ರೋಜಾ ಈ ಬಡಾವಣೆಯ ಮಗ. ಬೀದಿಯ ತುದಿಯಲ್ಲಿ ಅವನ ಕಂಚಿನ ಪ್ರತಿಮೆಯೂ ಇದೆ.

ಇದೇ ವಿಲಾ ಇಜಬೆಲ್‌ನಲ್ಲಿ 2021ರ ಜುಲೈ 27ರಂದು ಒಬ್ಬ ಮುದುಕರು ತಮ್ಮ ಮನೆಯಲ್ಲಿ ಕಣ್ಣುಮುಚ್ಚಿದರು. ವಯಸ್ಸು 101. ಹೆಸರು ಒರ್ಲಾಂಡೊ ಡ್ರಮಂಡ್. ಆ ದಿನ ಬ್ರೆಜಿಲ್‌ನಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಮೂರು ತಲೆಮಾರಿನವರು ನೆನೆದದ್ದು ಹೆಚ್ಚಾಗಿ ಒಂದು ದನಿಯನ್ನು. ಆ ದನಿ ಒಂದು ಹೆದರುಪುಕ್ಕಲ ನಾಯಿಯದು. ಕಾರ್ಟೂನ್ ನಾಯಿ ಸ್ಕೂಬಿ ಡೂ ಹುಟ್ಟಿದ್ದು 1969ರಲ್ಲಿ, ಅಮೆರಿಕದಲ್ಲಿ. ಆದರೆ ಬ್ರೆಜಿಲ್‌ನ ಮಕ್ಕಳಿಗೆ ಅದು ತಮ್ಮ ಬೀದಿಯದೇ ನಾಯಿ. ಅದು ಅವರ ಭಾಷೆಯಲ್ಲೇ ಹೆದರುತ್ತಿತ್ತು, ಅವರ ಭಾಷೆಯಲ್ಲೇ ತಿಂಡಿ ಕೇಳುತ್ತಿತ್ತು. ಅದಕ್ಕೆ 35 ವರ್ಷಗಳಷ್ಟು ಕಾಲ ದನಿ ಕೊಟ್ಟು, ಒಂದೇ ಪಾತ್ರಕ್ಕೆ ಅತಿ ದೀರ್ಘಕಾಲ ಡಬ್ಬಿಂಗ್ ಮಾಡಿದವರೆಂದು ಡ್ರಮಂಡ್ ಗಿನ್ನೆಸ್ ದಾಖಲೆಯ ಪುಸ್ತಕ ಸೇರಿದರು.

ಕನ್ನಡದಲ್ಲಿ ಈ ಕೆಲಸಕ್ಕೆ ‘ಕಂಠದಾನ’ ಎಂಬ ಚೆಂದದ ಪದವಿದೆ. ದಾನ ಕೊಟ್ಟವನ ಹೆಸರು ಹೊರಬರಬಾರದು ಎಂಬುದು ಹಿರಿಯರ ಮಾತು. ಕಂಠದಾನಿಯ ಪಾಡೂ ಬಹುಪಾಲು ಹಾಗೆಯೇ. ಆದರೆ ದಾನದಿಂದ ಹೊಟ್ಟೆ ತುಂಬೀತೆ? ಇದನ್ನೇ ನಂಬಿ ಬದುಕು ಕಟ್ಟಿಕೊಳ್ಳಲು ಆದೀತೆ? ಈ ಪ್ರಶ್ನೆಗೆ ಉತ್ತರ ಹುಡುಕಲು ರಿಯೋದ ಉತ್ತರ ಭಾಗದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ತೆಂಗಿನ ಚಿಪ್ಪಿನ ಕುದುರೆ

ಡ್ರಮಂಡ್ ಹುಟ್ಟಿದ್ದು ರಿಯೋದಲ್ಲೇ, 1919ರ ಅಕ್ಟೋಬರ್ 18ರಂದು. ಟೆಲಿವಿಷನ್ ಇರಲಿ, ಆ ದೇಶಕ್ಕೆ ರೇಡಿಯೋ ಕೂಡ ಬಂದಿರಲಿಲ್ಲ. ಅವರು ಬೆಳೆದು ದೊಡ್ಡವರಾಗುವ ಹೊತ್ತಿಗೆ ರೇಡಿಯೋ ಮನೆಮನೆಯ ಹುಚ್ಚಾಗಿತ್ತು. ಬಂದರಿನ ಪಕ್ಕದ ಮಾವಾ ಚೌಕದ ಸುತ್ತಮುತ್ತ ದೊಡ್ಡ ದೊಡ್ಡ ನಿಲಯಗಳು ತಲೆಯೆತ್ತಿದ್ದವು. 1941ರಲ್ಲಿ ರೇಡಿಯೋ ಧಾರಾವಾಹಿಗಳ ಯುಗ ಆರಂಭವಾಯಿತು. ಮರುವರ್ಷ, 1942ರಲ್ಲಿ, ಡ್ರಮಂಡ್ ರೇಡಿಯೋ ಟೂಪಿಯಲ್ಲಿ ಕೆಲಸಕ್ಕೆ ಸೇರಿದರು.

ಸೇರಿದ್ದು ನಟನಾಗಿ ಅಲ್ಲ, ಸದ್ದು ಮಾಡುವವನಾಗಿ. ನೇರ ಪ್ರಸಾರದ ನಾಟಕಗಳ ಕಾಲವದು. ಬಾಗಿಲು ಕಿರ್ರೆನ್ನಬೇಕು, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಗಬೇಕು, ಮಳೆ ಸುರಿಯಬೇಕು, ಗುಡುಗಬೇಕು. ಲೋಕದ ಎಲ್ಲ ರೇಡಿಯೋ ನಿಲಯಗಳಲ್ಲೂ ಆಗ ತೆಂಗಿನ ಚಿಪ್ಪೇ ಕುದುರೆ, ತಗಡಿನ ಹಾಳೆಯೇ ಗುಡುಗು. ಒಂದು ಕ್ಷಣ ತಡವಾದರೆ ಬಾಗಿಲು ತೆರೆಯುವ ಮೊದಲೇ ನಾಯಕಿ ಒಳಗೆ ಬಂದುಬಿಟ್ಟಿರುತ್ತಾಳೆ! ಕಣ್ಣು ನಟರ ತುಟಿಯ ಮೇಲೆ, ಕೈ ಸಾಮಾನಿನ ಮೇಲೆ, ಕಿವಿ ಎಲ್ಲೆಲ್ಲೂ. ಮುಂದೆ ತೆರೆಯ ಮೇಲಿನ ತುಟಿಗೆ ಮಾತು ಹೊಂದಿಸಲು ಬೇಕಾದ ಹದ ಡ್ರಮಂಡ್ ಅವರಿಗೆ ಸಿಕ್ಕಿದ್ದು ಹೀಗೆ, ಬಾಯಿ ತೆರೆಯದೆಯೇ. ಅಲ್ಲಿನ ಹಿರಿಯ ನಟ ಪಾಲೊ ಗ್ರಾಸಿಂಡೊ ಅವರ ಉತ್ತೇಜನದಿಂದ ಅವರು ಮೈಕಿನ ಮುಂದೆ ಬಂದರು. ಮುಂದೆ 1950ರ ದಶಕದಲ್ಲಿ ಡಬ್ಬಿಂಗ್‌ಗೆ ಕಾಲಿಟ್ಟರು.

ಮೊದಲು ಬಂದವಳು ಹಿಮಶ್ವೇತೆ

ಬ್ರೆಜಿಲ್‌ಗೆ ಡಬ್ಬಿಂಗ್ ಆಗ ಹೊಸದೇನಲ್ಲ. ಡಿಸ್ನಿಯ ‘ಸ್ನೋ ವೈಟ್’ ಚಿತ್ರ 1938ರಲ್ಲೇ ಪೋರ್ಚುಗೀಸ್ ಮಾತನಾಡಿತ್ತು. ಆ ಕೆಲಸ ನಡೆದದ್ದು ರಿಯೋದಲ್ಲಿ. ಹಾಡುಗಾರ ಹಾಗೂ ಗೀತಕಾರ ಬ್ರಾಗಿನ್ಯಾ ಅದರ ಉಸ್ತುವಾರಿ ಹೊತ್ತಿದ್ದರು. ಹಿಮದಂಥ ಬಿಳಿಯ ರಾಜಕುಮಾರಿಗೆ ದನಿಯಾದವರಲ್ಲಿ ಮುಂದೆ ದೇಶದ ಮಹಾ ಗಾಯಕಿಯರಲ್ಲಿ ಒಬ್ಬರಾದ ದಾಲ್ವಾ ಡಿ ಒಲಿವೇರಾ ಇದ್ದರು.

ಆದರೆ ಚಿತ್ರಮಂದಿರದ ದೊಡ್ಡವರಿಗೆ ಹೊರದೇಶದ ಚಿತ್ರಗಳು ಕೆಳಗೆ ಅಡಿಬರಹದೊಂದಿಗೆ ಬರುತ್ತಿದ್ದವು. 1950ರ ಜನಗಣತಿಯ ಪ್ರಕಾರ ಬ್ರೆಜಿಲ್‌ನ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಓದು ಬರುತ್ತಿರಲಿಲ್ಲ. ಅಡಿಬರಹ ಅವರಿಗೆ ಕಪ್ಪು ಇರುವೆ ಸಾಲು. ಅದೇ 1950ರಲ್ಲಿ ಟೆಲಿವಿಷನ್ ಬಂತು. ಆಗಿನ ಸಣ್ಣ ಮಸುಕು ಪರದೆಯಲ್ಲಿ ಓದು ಬಲ್ಲವರಿಗೂ ಅಕ್ಷರ ಕಾಣುತ್ತಿರಲಿಲ್ಲ. 1960ರ ದಶಕದ ಆರಂಭದಲ್ಲಿ ಟೆಲಿವಿಷನ್ನಿನ ಹೊರನಾಡ ಚಿತ್ರಗಳು ದೇಶದ ಭಾಷೆಯಲ್ಲೇ ಮಾತನಾಡಬೇಕೆಂಬ ಸರಕಾರಿ ನಿಯಮವೂ ಬಂತು. ರೇಡಿಯೋದಲ್ಲಿ ಕಸುಬು ಕಲಿತು, ರೇಡಿಯೋ ನಾಟಕಗಳು ಕಳೆಗುಂದುತ್ತಿದ್ದಂತೆ ಮುಂದೇನು ಎಂದು ಚಿಂತಿಸುತ್ತಿದ್ದ ನಟನಟಿಯರಿಗೆ ಇದು ಹೊಸ ಅಂಗಳವಾಯಿತು. ಸಾವ್ ಪಾಲೊ ಮತ್ತು ರಿಯೋ ಎರಡೂ ನಗರಗಳಲ್ಲಿ ಸ್ಟುಡಿಯೊಗಳು ಎದ್ದವು.

ರಿಯೋದ ಅತಿ ಹೆಸರಾಂತ ಸ್ಟುಡಿಯೊ ಇದ್ದದ್ದು ವಿಲಾ ಇಜಬೆಲ್‌ನ ನೆರೆಯ ತಿಜೂಕಾದಲ್ಲಿ. ಕೊಂಡೆ ಡಿ ಬೊನ್ಫಿಂ ಎಂಬ ಉದ್ದನೆಯ ರಸ್ತೆ ಏರುತ್ತ ಏರುತ್ತ ಕಾಡಿನ ಬೆಟ್ಟದ ಬುಡ ಮುಟ್ಟುವ ಕಡೆ ಊಜೀನಾ ಎಂಬ ಜಾಗವಿದೆ. ಅಲ್ಲಿ ಹರ್ಬರ್ಟ್ ರಿಶರ್ಸ್ ತಮ್ಮ ಹೆಸರಿನದೇ ಸ್ಟುಡಿಯೊ ನಡೆಸಿದರು. ಬರಗಾಲದ ಬಡಕುಟುಂಬವೊಂದರ ಕಥೆ ಹೇಳುವ ‘ವೀದಾಸ್ ಸೇಕಾಸ್’ (1963) ಎಂಬ ಹೆಸರಾಂತ ಬ್ರೆಜಿಲ್ ಚಿತ್ರದ ನಿರ್ಮಾಣದಲ್ಲೂ ಅವರ ಪಾಲಿತ್ತು. ಆದರೆ ಜನ ಅವರನ್ನು ನೆನೆಯುವುದು ಒಂದು ಘೋಷಣೆಗಾಗಿ. ಟೆಲಿವಿಷನ್ನಿನಲ್ಲಿ ಚಿತ್ರ ಶುರುವಾಗುವಾಗ ಗಂಭೀರ ದನಿಯೊಂದು ‘ಬ್ರೆಜಿಲ್ ಆವೃತ್ತಿ, ಹರ್ಬರ್ಟ್ ರಿಶರ್ಸ್’ ಎಂದು ಪೋರ್ಚುಗೀಸಿನಲ್ಲಿ ಸಾರುತ್ತಿತ್ತು. ಎಷ್ಟೋ ಮಕ್ಕಳು ಓದು ಬರುವ ಮೊದಲೇ ಈ ಸಾಲನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಇಪ್ಪತ್ತು ಸೆಕೆಂಡಿನ ಉಂಗುರ

ಆ ಕತ್ತಲ ಕೋಣೆಯಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು? ಮೊದಲು ಫಿಲ್ಮಿನ ಸುರುಳಿಯನ್ನು ಸಣ್ಣ ತುಂಡುಗಳಾಗಿ ಕತ್ತರಿಸುತ್ತಿದ್ದರು. ಒಂದೊಂದು ತುಂಡಿನ ಎರಡು ತುದಿಗಳನ್ನು ಅಂಟಿಸಿದರೆ ಅದೊಂದು ಬಳೆಯಾಗುತ್ತದೆ. ಅದನ್ನು ಯಂತ್ರಕ್ಕೆ ಹಾಕಿದರೆ ಅದೇ ದೃಶ್ಯ ಮತ್ತೆ ಮತ್ತೆ ಸುತ್ತುತ್ತದೆ. ನಟರು ಮೈಕಿನ ಸುತ್ತ ಗುಂಪಾಗಿ ನಿಂತು, ತೆರೆಯನ್ನೂ ಕೈಯಲ್ಲಿನ ಹಾಳೆಯನ್ನೂ ಒಟ್ಟಿಗೇ ನೋಡುತ್ತ, ಮಾತು ತುಟಿಗೆ ಕೂಡುವವರೆಗೆ ಅಭ್ಯಾಸ ಮಾಡುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ.

ಆ ತುಂಡಿಗೆ ಬ್ರೆಜಿಲ್‌ನವರು ಇಟ್ಟ ಹೆಸರು ‘ಅನೆಲ್’. ಉಂಗುರ ಎಂದು ಅರ್ಥ. ಫಿಲ್ಮ್ ಹೋಗಿ ಕಂಪ್ಯೂಟರ್ ಬಂದರೂ ಹೆಸರು ಹೋಗಲಿಲ್ಲ. 20 ಸೆಕೆಂಡಿಗೆ ಒಂದು ಉಂಗುರ, ಒಂದು ಗಂಟೆಗೆ 20 ಉಂಗುರ ಎಂಬುದು ಅಲ್ಲಿನ ವೃತ್ತಿಯ ಹಳೆಯ ಲೆಕ್ಕ. ಅಂದರೆ ಗಂಟೆಗಟ್ಟಲೆ ಗಂಟಲು ಸವೆಸಿದರೂ ಒಂದು ಗಂಟೆಯ ದುಡಿಮೆಯಿಂದ ಹೊರಬರುವುದು ಏಳು ನಿಮಿಷಕ್ಕೂ ಕಡಿಮೆ. ಸಂಬಳವೂ ಗಂಟೆಯ ಲೆಕ್ಕದಲ್ಲೇ. ಚಿತ್ರ ಕೋಟಿ ಗಳಿಸಲಿ, ಮಕಾಡೆ ಮಲಗಲಿ, ದನಿ ಕೊಟ್ಟವರಿಗೆ ಸಲ್ಲುವುದು ಗಂಟೆಯ ಕೂಲಿ.

ಇನ್ನು ಮಾತಿನ ಕಷ್ಟ. ಇಂಗ್ಲಿಷಿನಲ್ಲಿ ಚುಟುಕಾಗಿ ಮುಗಿಯುವ ವಾಕ್ಯ ಪೋರ್ಚುಗೀಸಿನಲ್ಲಿ ಉದ್ದವಾಗುತ್ತದೆ. ತೆರೆಯ ಮೇಲಿನವನು ಬಾಯಿ ಮುಚ್ಚಿದ ಮೇಲೂ ಮಾತು ಉಳಿದರೆ ನಗೆಪಾಟಲು. ಪ, ಬ, ಮ ಎಂಬ ಪವರ್ಗದ ಅಕ್ಷರಗಳನ್ನು ತುಟಿ ಮುಚ್ಚದೆ ಉಚ್ಚರಿಸಲಾಗದು ಎಂದು ವ್ಯಾಕರಣ ಓದಿದ ಮಕ್ಕಳಿಗೆಲ್ಲ ಗೊತ್ತು. ತೆರೆಯ ಮೇಲೆ ತುಟಿ ಮುಚ್ಚಿದ ಕಡೆ ಇಂಥದೇ ಒಂದು ಅಕ್ಷರ ಬರುವಂತೆ ಅನುವಾದಕ ಪದ ಹುಡುಕಬೇಕು. ಉಚ್ಚಾರಣೆಯ ತೊಡಕು ಬೇರೆ. ರಿಯೋದ ಜನ ಪದದ ಕೊನೆಯ ‘ಸ’ಕಾರವನ್ನು ‘ಶ’ ಎನ್ನುತ್ತಾರೆ. ಎರಡು ಎಂಬರ್ಥದ ‘ದೋಯ್ಸ್’ ಅವರ ಬಾಯಲ್ಲಿ ‘ದೋಯ್ಶ್’. ಸಾವ್ ಪಾಲೊದವರ ‘ರ’ಕಾರವೇ ಬೇರೆ. ಇಡೀ ದೇಶಕ್ಕೆ ಹೋಗುವ ಚಿತ್ರದಲ್ಲಿ ಯಾವ ಊರಿನ ಸೊಗಡೂ ಎದ್ದು ಕಾಣಬಾರದು ಎಂಬುದು ಸ್ಟುಡಿಯೊಗಳ ನಿಯಮ. ಆದರೂ ರಿಯೋದ ‘ಶ’ ಅಲ್ಲಲ್ಲಿ ನುಸುಳುತ್ತಲೇ ಇತ್ತು. ಈ ದನಿಗಳು ಕಡಲು ದಾಟಿ ಪೋರ್ಚುಗಲ್‌ಗೂ ಹೋದವು. 1994ರ ‘ಲಯನ್ ಕಿಂಗ್’ ಬರುವವರೆಗೆ ಅಲ್ಲಿನ ಮಕ್ಕಳು ಡಿಸ್ನಿ ಕಾರ್ಟೂನ್ ಚಿತ್ರಗಳನ್ನು ಕೇಳುತ್ತಿದ್ದದ್ದು ಬ್ರೆಜಿಲ್‌ನ ಪೋರ್ಚುಗೀಸಿನಲ್ಲೇ.

ನಾಯಿ, ನಾವಿಕ, ಮಾಂತ್ರಿಕ

ಈ ಉಂಗುರಗಳ ನಡುವೆ ಡ್ರಮಂಡ್ ಕಳೆದ ವರ್ಷಗಳ ಫಲ ನೋಡಬೇಕು. ಸೊಪ್ಪು ತಿಂದು ತೋಳುಬ್ಬಿಸುವ ನಾವಿಕ ಪಾಪಾಯ್ ಅವರೇ. ‘ಸ್ಮರ್ಫ್’ ಎಂಬ ನೀಲಿ ಕುಳ್ಳರನ್ನು ಹಿಡಿಯಲು ಹೊಂಚುಹಾಕುವ ಮಾಂತ್ರಿಕ ಗಾರ್ಗಮೆಲ್ ಅವರೇ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಕಾರ್ಟೂನಿನ ಒಂಟಿಕೊಂಬಿನ ಖಳನಾಯಕನೂ ಅವರೇ. ಅಮೆರಿಕದ ಮನೆಯೊಂದರಲ್ಲಿ ಬೀಡುಬಿಟ್ಟ ಹೊರಲೋಕದ ಜೀವಿ ‘ಆಲ್ಫ್’ ಕೂಡ ಅವರೇ. ನಗಿಸುವ ನಾಯಿಗೂ ಮಕ್ಕಳನ್ನು ನಡುಗಿಸುವ ಖಳನಿಗೂ ಒಂದೇ ಗಂಟಲು ಎಂದು ತಿಳಿದಾಗ ನಂಬದ ಮಕ್ಕಳೇ ಹೆಚ್ಚು.

ಸ್ಕೂಬಿಯ ಜತೆಗಾರ, ಉದ್ದಕಾಲಿನ ಹೊಟ್ಟೆಬಾಕ ಶ್ಯಾಗಿಗೆ ಬ್ರೆಜಿಲ್‌ನಲ್ಲಿ ‘ಸಾಲ್ಸೀಶಾ’ ಎಂಬ ತಿಂಡಿಯ ಹೆಸರು. ಅವನ ದನಿ ಮಾರಿಯೊ ಮೊಂಜಾರ್ಡಿಮ್. ಇವರಿಬ್ಬರ ಜೋಡಿ ದಶಕಗಳ ಕಾಲ ನಡೆಯಿತು. ತೆರೆಯ ಮೇಲೆ ಭೂತ ಕಂಡು ನಾಯಿಯೂ ಹುಡುಗನೂ ಓಡುವಾಗ, ಆ ಓಟದ ಏದುಸಿರು ಬಂದದ್ದು ನಿಂತಲ್ಲೇ ನಿಂತ ಈ ಇಬ್ಬರಿಂದ. ದಾಖಲೆಗಾಗಿ ಯಾರೂ ಇಷ್ಟು ವರ್ಷ ಒಂದು ನಾಯಿಯ ಬಾಯಲ್ಲಿ ಕೂರುವುದಿಲ್ಲ. ಪ್ರತಿ ಸಲವೂ ಹೊಸದಾಗಿ ಹೆದರಬಲ್ಲವನಿಗೆ ಮಾತ್ರ ಅದು ಸಾಧ್ಯ.

ಮುಖಕ್ಕೆ ಮನ್ನಣೆ ಬಂದದ್ದು ಬಹಳ ತಡವಾಗಿ. 1990ರಲ್ಲಿ ಹಾಸ್ಯನಟ ಶೀಕೊ ಅನೀಜಿಯೊ ಅವರ ತರಗತಿ ಹಾಸ್ಯ ‘ರೈಮುಂದೊ ಮೇಷ್ಟ್ರ ಶಾಲೆ’ ಟಿವಿ ಗ್ಲೋಬೊದಲ್ಲಿ ಸ್ವತಂತ್ರ ಕಾರ್ಯಕ್ರಮವಾಗಿ ಆರಂಭವಾಯಿತು. ಅದರಲ್ಲಿ ‘ಸೆವ್ ಪೆರು’ ಎಂಬ ಬೆಡಗಿನ ಮುದಿ ವಿದ್ಯಾರ್ಥಿಯಾಗಿ ಡ್ರಮಂಡ್ ಮನೆಮಾತಾದರು. ಆಗ ಅವರಿಗೆ 70 ವರ್ಷ. ಬೇರೆಯವರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಇವರನ್ನು ಬೀದಿಯಲ್ಲಿ ಜನ ಗುರುತಿಸತೊಡಗಿದರು.

ಓದುವ ಮಕ್ಕಳಿಗೆ ಇಲ್ಲೇನಿದೆ?

‘ನನ್ನ ದನಿ ಚೆನ್ನಾಗಿದೆ, ನಾನೂ ಡಬ್ಬಿಂಗ್ ಮಾಡುತ್ತೇನೆ’ ಎನ್ನುವ ಹುಡುಗ ಹುಡುಗಿಯರು ಬ್ರೆಜಿಲ್‌ನಲ್ಲಿ ಬೇಕಾದಷ್ಟು. ಅವರಿಗೆ ಅಲ್ಲಿನ ಹಿರಿಯರು ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ: ಮೊದಲು ನಟನೆ ಕಲಿ. 1978ರ ಮೇ ತಿಂಗಳಲ್ಲಿ ಬಂದ ಕಾನೂನು ಕಲಾವಿದರ ಕೆಲಸವನ್ನು ಒಂದು ವೃತ್ತಿಯೆಂದು ಗುರುತಿಸಿ, ನೋಂದಣಿಯ ವ್ಯವಸ್ಥೆ ಮಾಡಿತು. ಡಬ್ಬಿಂಗ್ ಮಾಡುವವರು ನೋಂದಾಯಿತ ನಟರಾಗಿರಬೇಕು ಎಂಬುದು ಅಂದಿನಿಂದ ಅಲ್ಲಿನ ರೂಢಿ. ಹೀಗಾಗಿ ನಾಟಕ ಶಾಲೆಯ ಮೆಟ್ಟಿಲು ಹತ್ತದೆ ಸ್ಟುಡಿಯೊದ ಬಾಗಿಲು ತೆರೆಯುವುದು ಕಷ್ಟ. ಸಿಹಿ ಕಂಠವೊಂದೇ ಸಾಲದು. ಹಾಳೆಯ ಮೇಲಿನ ಸಾಲನ್ನು ಮೊದಲ ನೋಟಕ್ಕೇ ತಡವರಿಸದೆ ಓದಬೇಕು, ಓದಿದಂತೆ ಕೇಳಿಸಬಾರದು. ಅದಕ್ಕೆ ಪುಸ್ತಕದ ಒಡನಾಟ ಬೇಕು.

ಸಾವ್ ಪಾಲೊದ ವೆಂಡೆಲ್ ಬೆಜೆರ್ರಾ ಇದಕ್ಕೆ ಒಳ್ಳೆಯ ನಿದರ್ಶನ. 1974ರಲ್ಲಿ ಹುಟ್ಟಿದ ಅವರು ಈ ಕಸುಬಿಗೆ ಬಂದದ್ದು ಬಾಲ್ಯದಲ್ಲಿ. ಅಣ್ಣ ತಂಗಿಯರೂ ಇದೇ ಕೆಲಸದವರು. ಮುಂದೆ ‘ಡ್ರ್ಯಾಗನ್ ಬಾಲ್’ನ ಗೋಕು ಮತ್ತು ಸ್ಪಂಜ್ ಬಾಬ್ ಎರಡಕ್ಕೂ ದನಿಯಾದರು. ಒಂದು ಯುದ್ಧವೀರನ ಗರ್ಜನೆ, ಇನ್ನೊಂದು ಕಡಲತಳದ ಸ್ಪಂಜಿನ ಕೀಚಲು ನಗೆ. ನಂತರ ತಮ್ಮದೇ ಸ್ಟುಡಿಯೊ ಕಟ್ಟಿದರು. ಇನ್ನೊಬ್ಬರು ಇಜಾಕ್ ಬಾರ್ಡಾವಿಡ್. 1990ರ ದಶಕದಿಂದ ‘ವುಲ್ವರಿನ್’ ಪಾತ್ರದ ದನಿ ಅವರದು. ಆ ಪಾತ್ರ ಮಾಡಿದ ನಟ ಹ್ಯೂ ಜ್ಯಾಕ್ಮನ್ 2017ರಲ್ಲಿ ‘ಲೋಗನ್’ ಚಿತ್ರಕ್ಕಾಗಿ ಸಾವ್ ಪಾಲೊಗೆ ಬಂದಾಗ ಇಬ್ಬರೂ ಭೇಟಿಯಾದರು. ಒಬ್ಬ ಮುಖ, ಇನ್ನೊಬ್ಬ ದನಿ. ಬಾರ್ಡಾವಿಡ್ ಅವರಿಗೆ ಆಗ 86ರ ಆಸುಪಾಸು. 2022ರಲ್ಲಿ ಅವರೂ ತೀರಿಕೊಂಡರು.

ಇಂಥ ಭೇಟಿಯ ಭಾಗ್ಯ ಎಲ್ಲರಿಗಿಲ್ಲ. ಹೆಚ್ಚಿನವರು ಬೆಳಗ್ಗೆ ಒಂದು ಸ್ಟುಡಿಯೊ, ಮಧ್ಯಾಹ್ನ ಇನ್ನೊಂದು ಎಂದು ಓಡಾಡುತ್ತ, ಒಂದು ದಿನ ಪೊಲೀಸ್ ಆಗಿ, ಮರುದಿನ ಹೆಸರಿಲ್ಲದ ಮಾಣಿಯಾಗಿ ಎರಡೇ ಸಾಲು ಹೇಳಿ ಬರುವವರು. ಮಕ್ಕಳನ್ನು ಈ ದಾರಿಗೆ ಬಿಡುವ ತಂದೆತಾಯಿ ಡ್ರಮಂಡ್ ಅವರ ದಾಖಲೆಯ ಜತೆಗೆ ಈ ಎರಡು ಸಾಲಿನ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಂಟಿ ಕೋಣೆ

ಹರ್ಬರ್ಟ್ ರಿಶರ್ಸ್ 2009ರ ನವೆಂಬರ್‌ನಲ್ಲಿ ನಿಧನರಾದರು. ಊಜೀನಾದ ಸ್ಟುಡಿಯೊ ಕೂಡ ಬಾಗಿಲು ಹಾಕಿತು. ಹಳೆಯ ಚಿತ್ರಗಳ ಮೊದಲಲ್ಲಿ ಆ ಘೋಷಣೆ ಈಗಲೂ ಕೇಳುತ್ತದೆ. ಅದರ ಬೆನ್ನಿಗಿದ್ದ ಕೋಣೆಗಳಲ್ಲಿ ಮಾತ್ರ ಮಾತಿಲ್ಲ.

ಕೆಲಸದ ರೀತಿಯೂ ಬದಲಾಗಿದೆ. ಮೈಕಿನ ಸುತ್ತ ಗುಂಪಾಗಿ ನಿಲ್ಲುವ ಕಾಲ ಹೋಯಿತು. ಈಗ ಒಬ್ಬೊಬ್ಬರೇ ಬಂದು ತಮ್ಮ ಮಾತಷ್ಟನ್ನೇ ಹೇಳಿ ಹೋಗುತ್ತಾರೆ. ಜಗಳದ ದೃಶ್ಯದಲ್ಲಿ ಎದುರಾಳಿಯೇ ಇರುವುದಿಲ್ಲ. 2020ರ ಕೊರೋನಾ ಕಾಲದಲ್ಲಂತೂ ಎಷ್ಟೋ ಮಂದಿ ಮನೆಯ ಮೂಲೆಯನ್ನೇ ಸ್ಟುಡಿಯೊ ಮಾಡಿಕೊಂಡರು. ಅಂತರ್ಜಾಲದ ಮೂಲಕ ಚಿತ್ರ ತೋರಿಸುವ ಕಂಪನಿಗಳಿಂದ ಕೆಲಸವೇನೋ ಹೆಚ್ಚಿತು. ಅದರ ಹಿಂದೆಯೇ ಹೊಸ ಭಯವೂ ಬಂತು. ಕೆಲವು ನಿಮಿಷದ ಧ್ವನಿಮುದ್ರಣ ಸಿಕ್ಕರೆ ಸಾಕು, ಆ ಮನುಷ್ಯನ ದನಿಯಲ್ಲಿ ಯಂತ್ರವೇ ಎಷ್ಟು ಬೇಕಾದರೂ ಮಾತನಾಡಬಲ್ಲದು. ಬ್ರೆಜಿಲ್‌ನ ಕಂಠದಾನಿಗಳು ‘ದುಬ್ಲಾಜೆಂ ವೀವಾ’, ಎಂದರೆ ಜೀವಂತ ಡಬ್ಬಿಂಗ್, ಎಂಬ ಚಳವಳಿ ಕಟ್ಟಿ ಇದಕ್ಕೆ ಕಾನೂನಿನ ಕಡಿವಾಣ ಕೇಳುತ್ತಿದ್ದಾರೆ. ಗಂಟೆಯ ಕೂಲಿಗೆ ಒಮ್ಮೆ ಕೊಟ್ಟ ದನಿ, ಕೊಟ್ಟವನ ಒಪ್ಪಿಗೆಯಿಲ್ಲದೆ ಎಂದೆಂದಿಗೂ ದುಡಿಯಬೇಕೆ ಎಂಬುದು ಅವರ ಪ್ರಶ್ನೆ. ದಾನ ಬೇರೆ, ಕಸಿದುಕೊಳ್ಳುವುದು ಬೇರೆ.

ಡ್ರಮಂಡ್ ಅವರ ಬಾಳಿನಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ. ಅವರು ತಮ್ಮ ನಾಯಿಯನ್ನು ಬದುಕಿದ್ದಾಗಲೇ ಬಿಟ್ಟುಕೊಟ್ಟರು. ಸ್ಕೂಬಿಯ ದನಿ ಗಿಲ್ಯೆರ್ಮೆ ಬ್ರಿಗ್ಸ್ ಅವರ ಪಾಲಿಗೆ ಬಂತು. ಬ್ರಿಗ್ಸ್ ಹುಟ್ಟಿದ್ದು 1970ರಲ್ಲಿ, ಅದೇ ರಿಯೋದಲ್ಲಿ. ಡ್ರಮಂಡ್ ಅವರ ಸ್ಕೂಬಿಯನ್ನು ಕೇಳಿಕೊಂಡು ಬೆಳೆದ ತಲೆಮಾರಿನವರು. ಡ್ರಮಂಡ್ ಅವರ ಮೊಮ್ಮಕ್ಕಳಲ್ಲಿ ಕೆಲವರೂ ಡಬ್ಬಿಂಗ್ ಕಲಾವಿದರಾದರು. ಕಿವಿಯಿಂದ ಕಿವಿಗೆ, ಬಾಯಿಂದ ಬಾಯಿಗೆ ಹೋದ ವಿದ್ಯೆ ಇದು. ಕೊಟ್ಟವರಿಗೂ ಗೊತ್ತು, ಪಡೆದವರಿಗೂ ಗೊತ್ತು.

ಸಂಜೆಯಾದರೆ ವಿಲಾ ಇಜಬೆಲ್‌ನ ಅಂಗಡಿಗಳ ಮುಂದೆ ಕುರ್ಚಿಗಳು ಹೊರಬರುತ್ತವೆ. ಶಾಲೆ ಬಿಟ್ಟ ಮಕ್ಕಳು ಕಲ್ಲಿನ ಸ್ವರಗಳ ಮೇಲೆ ಕುಣಿದುಕೊಂಡು ಮನೆಗೆ ಹೋಗುತ್ತಾರೆ. ತಾವು ತುಳಿಯುತ್ತಿರುವುದು ಯಾರು ಕಟ್ಟಿದ ಹಾಡು ಎಂದು ಅವರು ಕೇಳುವುದಿಲ್ಲ. ಮನೆಯಲ್ಲಿ ಸ್ಕೂಬಿ ಡೂ ಹಾಕಿಕೊಂಡು ಕೂತಾಗಲೂ ದನಿ ಯಾರದೆಂದು ಕೇಳುವುದಿಲ್ಲ. ಅದು ನಾಯಿಯದೇ ದನಿ ಎಂದು ನಂಬುತ್ತಾರೆ. ಹಾಗೆ ನಂಬಿಸುವುದಕ್ಕಾಗಿಯೇ ಅವರ ನೆರೆಯ ಅಜ್ಜ ಅಷ್ಟು ವರ್ಷ ದುಡಿದದ್ದು.